ಲಕ್ಷ್ಮಯ್ಯನ ಮನೆಗೆ ಹೋಗಿ ಬಂದ ವರದಿ

ಕೆಂಪು ಇಂಕಿನಲ್ಲಿ "ಬಹಳ ಚೆನ್ನಾಗಿದೆ, ಇದೇ ನಾನು ಕೇಳುತ್ತಿದ್ದದ್ದು" ಅಂತ ಬರೆದು, ಕೆಳಗೆ ಎರಡು ಗೆರೆ ಎಳೆದವಳು ನಾನೇ. ಇದನ್ನು ಬೇರೆ ಯಾರ ತಲೆಗೂ ಕಟ್ಟೋ ಹಾಗಿಲ್ಲ. ಆಮೇಲೆ ಒಬ್ಬ ಕಾರ್ಮಿಕನ ಕೆಲಸ ಹೋಗೋ ಹಾಗಾಯಿತು, ಒಬ್ಬ ಹುಡುಗನ ಓದು ನೀರಲ್ಲಿ ಹೋಮ ಮಾಡಿದ ಹಾಗಾಯಿತು. ಅದಕ್ಕೇ ಮೊದಲೇ ಹೇಳಿಬಿಡ್ತೀನಿ.

1982ರ ಮಾತು. ವೈಟ್‌ಫೀಲ್ಡ್ ರಸ್ತೆಯಲ್ಲಿ, ಮಹದೇವಪುರ ದಾಟಿದ ಮೇಲೆ, ನೀರೆತ್ತೋ ಪಂಪಿಗೆ ಮೋಟಾರು ಮಾಡೋ ಕಾರ್ಖಾನೆ ಒಂದಿತ್ತು. ಆರುನೂರು ಜನ ಕೆಲಸಗಾರರು. ನಾನಲ್ಲಿ ವೆಲ್‌ಫೇರ್ ಆಫೀಸರ್. ಹೆಸರು ಕೇಳೋಕೆ ಚೆಂದ. ಕೆಲಸ ಅಂದರೆ ಕ್ಯಾಂಟೀನ್ ಸಾಂಬಾರಲ್ಲಿ ಬೇಳೆ ಎಲ್ಲಿ, ಕೈ ತೊಳೆಯೋ ಸೋಪು ಎಲ್ಲಿ, ಯೂನಿಫಾರಂ ಯಾಕೆ ಮೊಣಕಾಲಿಗೆ ಬಂದಿದೆ ಅನ್ನೋ ಪಂಚಾಯ್ತಿ. ನಾನು ಹುಟ್ಟಿದ್ದೂ ಅದೇ ಮಹದೇವಪುರದಲ್ಲಿ. ನಮ್ಮಪ್ಪ ನಂಜಪ್ಪ ರಾಗಿ ಬೆಳೀತಿದ್ದ ಹೊಲಕ್ಕೂ ಕಾರ್ಖಾನೆ ಗೇಟಿಗೂ ಮೂರು ಫರ್ಲಾಂಗು. ಹೊಲ ಗೇಯೋ ಮನೆಯಲ್ಲಿ ಎಂ.ಎ. ಮಾಡಿದವಳು ನಾನೊಬ್ಬಳೇ ಅಂತ ನನಗೆ ಸ್ವಲ್ಪ ಜಂಬವೂ ಇತ್ತು. ಕೋಪವಂತೂ ಯಾವಾಗಲೂ ಮೂಗಿನ ತುದಿಯಲ್ಲೇ.

ಈ ಕೆಲಸದಲ್ಲಿ ನನಗೆ ನಿಜವಾಗಿ ಇಷ್ಟವಾಗ್ತಿದ್ದದ್ದು ಒಂದೇ. ಸಮಾಜ ಕಾರ್ಯ ಓದೋ ಕಾಲೇಜಿನಿಂದ ಪ್ರತಿ ವರ್ಷ ಇಬ್ಬರು ವಿದ್ಯಾರ್ಥಿಗಳನ್ನ ನನ್ನ ಹತ್ತಿರ ಕಳಿಸ್ತಿದ್ದರು. ಫೀಲ್ಡ್‌ವರ್ಕ್ ಅಂತಾರೆ ಅದಕ್ಕೆ. ವಾರಕ್ಕೆ ಎರಡು ದಿನ ಅವರು ನಮ್ಮಲ್ಲಿ ಕೆಲಸ ಕಲೀಬೇಕು, ಮಾಡಿದ್ದನ್ನೆಲ್ಲ ಒಂದು ಉದ್ದ ಪುಸ್ತಕದಲ್ಲಿ ಬರೀಬೇಕು. ಸೋಮವಾರ ನಾನು ಒಬ್ಬೊಬ್ಬರನ್ನೇ ಕೂರಿಸಿಕೊಂಡು ಆ ವರದಿ ಓದಿ ಮಾತಾಡಬೇಕು. ವರ್ಷದ ಕೊನೆಗೆ ಅಂಕ ಕೊಡಬೇಕು. ಫೀಲ್ಡ್‌ವರ್ಕಿನಲ್ಲಿ ಫೇಲಾದರೆ ಬೇರೆ ಎಲ್ಲದರಲ್ಲಿ ಪಾಸಾದರೂ ವರ್ಷ ಹೋದ ಹಾಗೇ.

ಎಲ್ಲರೂ ಇಂಗ್ಲಿಷಲ್ಲಿ ಬರೆಸ್ತಿದ್ದರು. ನಾನು ಕನ್ನಡದಲ್ಲಿ ಬರೀರಿ ಅಂತಿದ್ದೆ. "ಏನು ನಡೀತು ಅನ್ನೋದು ವಾಚ್‌ಮನ್ನಿಗೂ ಗೊತ್ತು. ನಿಮ್ಮ ಒಳಗೆ ಏನು ನಡೀತು ಅದನ್ನ ಬರೀರಿ. ಕೋಪ ಬಂತಾ? ಈ ಕೋಪ ಯಾರದು ಅಂತ ನಿಮ್ಮನ್ನ ನೀವೇ ಕೇಳ್ಕೊಳ್ಳಿ," ಅಂತ ಮೊದಲ ದಿನವೇ ಭಾಷಣ ಬಿಗೀತಿದ್ದೆ. ಹುಡುಗರು ಕಣ್ಣು ಅಗಲ ಮಾಡಿ ಕೇಳ್ತಿದ್ದರು. ನನಗೆ ಹಿತವಾಗ್ತಿತ್ತು.

ಆ ವರ್ಷ ಬಂದವರು ಭಾಗ್ಯ, ಚಿಕ್ಕಮುನಿಯಪ್ಪ. ಭಾಗ್ಯ ಜಯನಗರದ ಹುಡುಗಿ, ಮಾತಿನ ಮಲ್ಲಿ. ಚಿಕ್ಕಮುನಿಯಪ್ಪ ಮಾಲೂರಿನ ಕಡೆಯವನು, ಸರ್ಕಾರಿ ಹಾಸ್ಟೆಲ್ಲಿನಲ್ಲಿದ್ದುಕೊಂಡು ಸ್ಕಾಲರ್‌ಶಿಪ್ಪಿನಲ್ಲಿ ಓದ್ತಿದ್ದ. ಇಪ್ಪತ್ತಮೂರು ವರ್ಷ. ತೆಳ್ಳಗೆ, ಇಸ್ತ್ರಿ ಮಾಡಿದ ಅಂಗಿ. ಕೇಳಿದ್ದಕ್ಕೆ ಮಾತ್ರ ಉತ್ತರ. ಅವನ ಮನೆಯಲ್ಲಿ ಹತ್ತನೇ ಕ್ಲಾಸು ದಾಟಿದವನೂ ಅವನೇ ಮೊದಲು.

ಅವನ ಮೊದಲ ತಿಂಗಳ ವರದಿಗಳು ಹೀಗಿದ್ದವು: "ಒಂಬತ್ತಕ್ಕೆ ಬಂದೆನು. ಕ್ಯಾಂಟೀನ್ ನೋಡಿದೆನು. ಹನ್ನೊಂದಕ್ಕೆ ವೈಂಡಿಂಗ್ ವಿಭಾಗ ನೋಡಿದೆನು."

"ಏನಪ್ಪಾ ಇದು, ವರದೀನಾ ಬಸ್ಸಿನ ಟೈಂ ಟೇಬಲ್ಲಾ?" ಅಂತ ಪುಸ್ತಕ ಅವನ ಕಡೆ ತಳ್ಳಿದೆ. "ನೀನೆಲ್ಲಿದ್ದೀಯ ಇದರಲ್ಲಿ? ನಿನಗೇನೂ ಅನ್ನಿಸೋದೇ ಇಲ್ವಾ? ಕಲ್ಲಾ ನೀನು?"

"ಬರೀತೀನಿ ಮೇಡಂ," ಅಂದ. ಅಷ್ಟೇ. ನನಗೆ ಇನ್ನೂ ಸಿಟ್ಟು ಬಂತು.

ಅಕ್ಟೋಬರಿನಲ್ಲಿ ಲಕ್ಷ್ಮಯ್ಯನ ವಿಷಯ ಬಂತು. ಲಕ್ಷ್ಮಯ್ಯ ಮೋಟಾರಿಗೆ ತಾಮ್ರದ ತಂತಿ ಸುತ್ತೋ ವೈಂಡಿಂಗ್ ವಿಭಾಗದವನು, ಒಂಬತ್ತು ವರ್ಷದ ಸರ್ವಿಸು. ಊರು ಕುಂದಲಹಳ್ಳಿ ದಾಟಿ ಸರ್ಜಾಪುರದ ಕಡೆ. ಊರಿನ ಹೆಸರು ಬೇಡ, ಅಲ್ಲಿ ನಮ್ಮ ನೆಂಟರಿದ್ದಾರೆ. ಹನ್ನೆರಡು ದಿನದಿಂದ ಅವನು ಕೆಲಸಕ್ಕೆ ಬಂದಿರಲಿಲ್ಲ, ರಜಾ ಚೀಟಿಯೂ ಇಲ್ಲ. ನಮ್ಮ ಪರ್ಸನೆಲ್ ಮ್ಯಾನೇಜರ್ ವೆಂಕಟರಮಣಪ್ಪನವರಿಗೆ ಗೈರುಹಾಜರಿ ಅಂದರೆ ಮೈಯೆಲ್ಲ ಉರಿ. "ಹತ್ತು ದಿನ ಹೇಳದೆ ಕೇಳದೆ ಬರದೇ ಇದ್ರೆ ಮನೆಗೆ ಕಳಿಸಬಹುದು ಅಂತ ರೂಲೇ ಇದೆ. ಆದ್ರೂ ಒಂದ್ಸಲ ವಿಚಾರಿಸಿ ನೋಡಿ," ಅಂದರು. ನಾನು ಚಿಕ್ಕಮುನಿಯಪ್ಪನನ್ನ ಕರೆದು, ಶುಕ್ರವಾರ ಹೋಗಿ ಲಕ್ಷ್ಮಯ್ಯನ ಮನೆ ನೋಡ್ಕೊಂಡು ಬಾ ಅಂದೆ. ಅವನ ಮೊದಲ ಮನೆಭೇಟಿ ಅದು.

ಸೋಮವಾರ ಪುಸ್ತಕ ತೆರೆದರೆ ನಾಲ್ಕು ಪುಟ! ಇವತ್ತಿಗೂ ನನಗೆ ಬಾಯಿಪಾಠವಾಗಿದೆ. "ಮನೆಯೊಳಗೆ ಕತ್ತಲೆ. ಹಗಲು ಹನ್ನೊಂದು ಗಂಟೆಗೆ ಮನೆಯ ಯಜಮಾನ ಹಗ್ಗದ ಮಂಚದ ಮೇಲೆ ಮಲಗಿದ್ದ. ಸಾರಾಯಿ ವಾಸನೆ ಬಾಗಿಲಿಗೇ ಬಂತು. ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆಗೆ ಒರಗಿದ್ದಳು. ನನಗೆ ಅವನ ಮೇಲೆ ಕೋಪ ಬಂತು. ಈ ಕೋಪ ಯಾರದು ಎಂದು ನನ್ನನ್ನೇ ಕೇಳಿಕೊಂಡೆ. ನಮ್ಮ ಚಿಕ್ಕಪ್ಪನೂ ಹೀಗೇ ಮಲಗಿರುತ್ತಿದ್ದ. ಲಕ್ಷ್ಮಯ್ಯನನ್ನು ನೋಡುವಾಗ ನಾನು ಚಿಕ್ಕಪ್ಪನನ್ನು ನೋಡುತ್ತಿದ್ದೆನೇ?"

ಅಬ್ಬಾ ಅನ್ನಿಸಿತು. ಕಲ್ಲು ಮಾತಾಡಿತಲ್ಲ! ಎಂಟು ವರ್ಷದಲ್ಲಿ ಇಂಥ ವರದಿ ನೋಡಿರಲಿಲ್ಲ. ಕೆಂಪು ಪೆನ್ನು ತೆಗೆದು ಬರೆದೆ, ಗೆರೆ ಎಳೆದೆ. ಭಾಗ್ಯನನ್ನ ಕರೆದು, "ನೋಡಮ್ಮ, ಹೀಗೆ ಬರೀಬೇಕು," ಅಂತ ಓದಿ ಹೇಳಿದೆ. ಚಿಕ್ಕಮುನಿಯಪ್ಪ ತಲೆ ತಗ್ಗಿಸಿಕೊಂಡು ಕೂತಿದ್ದ. ನಾಚಿಕೆ ಅಂದುಕೊಂಡೆ.

ಅಷ್ಟಕ್ಕೇ ಬಿಟ್ಟಿದ್ದರೆ ಆಗ್ತಿತ್ತು. ವಿದ್ಯಾರ್ಥಿಯ ವರದಿ ಅವನು ಕಲಿಯೋದಕ್ಕೆ ಮಾತ್ರ, ಆ ಕೋಣೆ ಬಿಟ್ಟು ಆಚೆ ಹೋಗಬಾರದು. ಇದನ್ನ ನಾನೇ ಎಲ್ಲರಿಗೂ ಹೇಳ್ತಿದ್ದೆ. ಆದರೆ ಮಧ್ಯಾಹ್ನ ಊಟದ ಹೊತ್ತಿಗೆ ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ವೆಂಕಟರಮಣಪ್ಪನವರ ಕೋಣೆಗೆ ಹೋದೆ. "ನೋಡಿ ಸಾರ್, ನಮ್ಮ ಹುಡುಗನ ಕೆಲಸ," ಅಂತ ತೋರಿಸಿದೆ. ಜಂಬ, ಇನ್ನೇನು? ಅವರು ಒಳಗೆ ಏನು ನಡೀತು ಅನ್ನೋದನ್ನೆಲ್ಲ ದಾಟಿಕೊಂಡು ಹೋಗಿ ಸಾರಾಯಿ ವಾಸನೆ ಅನ್ನೋ ಸಾಲಿನ ಹತ್ತಿರ ನಿಂತರು. "ಈ ಪುಟ ಟೈಪ್ ಮಾಡಿಸಿ ಹುಡುಗನ ಸಹಿ ಹಾಕಿಸಿ ಕೊಡಿ ವಸಂತಮ್ಮ, ಫೈಲಿಗೆ ಬೇಕು," ಅಂದರು. ನಾನು ಕೊಟ್ಟೆ. ಸಹಿ ಹಾಕುವಾಗ ಚಿಕ್ಕಮುನಿಯಪ್ಪ ಏನೋ ಹೇಳೋಕೆ ಬಾಯಿ ತೆರೆದ. "ಬೇಗ ಹಾಕಪ್ಪ, ಟೈಪಿಸ್ಟ್ ಕಾಯ್ತಿದ್ದಾರೆ," ಅಂದೆ.

ಹತ್ತು ದಿನಕ್ಕೆ ಲಕ್ಷ್ಮಯ್ಯ ನನ್ನ ಕೋಣೆ ಬಾಗಿಲಲ್ಲಿ ನಿಂತಿದ್ದ. ಗಡ್ಡ ಬೆಳೆದಿತ್ತು, ಕೈಯಲ್ಲಿ ಚಾರ್ಜ್‌ಶೀಟು. ಹೇಳದೆ ಗೈರುಹಾಜರಾಗಿದ್ದಾನೆ, ಮನೆಭೇಟಿಯಲ್ಲಿ ಕಂಡ ಹಾಗೆ ಕುಡಿತದ ಚಟ ಇದೆ, ಗುರುವಾರ ಎನ್‌ಕ್ವೈರಿಗೆ ಹಾಜರಾಗಬೇಕು ಅಂತ ಅದರಲ್ಲಿತ್ತು. ಎನ್‌ಕ್ವೈರಿಯಲ್ಲಿ ತಪ್ಪು ಅಂತಾದರೆ ಕೆಲಸ ಹೋಯ್ತು ಅಂತಲೇ ಲೆಕ್ಕ.

"ಅಮ್ಮಾ, ನಾನು ಎಂಡ ಮುಟ್ಟಿದೋನಲ್ಲ. ನಮ್ಮಪ್ಪನಾಣೆ," ಅಂದ. "ಮಗೀಗೆ ಟೈಫಾಯ್ಡ್ ಆಗಿತ್ತು. ಒಸಕೋಟೆ ಆಸ್ಪತ್ರೇಲಿದ್ವಿ ನಾನೂ ನಮ್ಮೋಳೂ, ಇಪ್ಪತ್ತೈದು ದಿನ. ಫೋರ್‌ಮನ್ನಿಗೆ ಕಾರ್ಡ್ ಆಕಿದ್ದೆ, ಬಂದಿಲ್ಲ ಅಂತಾರೆ. ಓಗ್ಲಿ ಬಿಡಿ. ಇದ್ಯಾರಮ್ಮಾ ನಮ್ಮನೆಗೆ ಬಂದು ನನ್ನ ನೋಡಿದೋರು? ಮನೆಗೆ ಬೀಗ ಆಕಿತ್ತಲ್ಲಾ!"

ಆಸ್ಪತ್ರೆ ಚೀಟಿ ತೋರಿಸಿದ. ತಾರೀಖು ನೋಡಿದೆ. ಚಿಕ್ಕಮುನಿಯಪ್ಪ ಹೋದ ಶುಕ್ರವಾರ ಸರಿಯಾಗಿ ಮಧ್ಯದಲ್ಲಿತ್ತು.

ಆ ಚೀಟಿ ತಗೊಂಡು ವೆಂಕಟರಮಣಪ್ಪನವರ ಹತ್ತಿರ ಓಡಿದೆ. "ಮಗಳ ಚೀಟಿ ತಾನೇ? ಹೆಂಡತಿ ಆಸ್ಪತ್ರೇಲಿರಬಹುದು, ಇವನು ಮನೇಲಿ ಬಿದ್ದಿರಬಹುದು. ನಿಮ್ಮ ಹುಡುಗನೇ ಕಣ್ಣಾರೆ ನೋಡಿದ್ದಾನಲ್ಲ," ಅಂದರು. ಕೆಟ್ಟ ಮನುಷ್ಯರಲ್ಲ ಅವರು. ಕಾಗದದಲ್ಲಿ ಇದ್ದದ್ದನ್ನ ನಂಬೋ ಮನುಷ್ಯ.

"ಹೆಂಡತೀನೂ ಮನೇಲಿದ್ಲು ಅಂತ ಬರ್ದಿದೆ ಸಾರ್ ಅದರಲ್ಲಿ. ಆ ವರದಿ ತಪ್ಪಿರಬಹುದು."

"ತಪ್ಪು ಅಂತ ಅವನೇ ಬಂದು ಹೇಳ್ಲಿ. ಸಹಿ ಅವನದು."

ಸೋಮವಾರ ಚಿಕ್ಕಮುನಿಯಪ್ಪ ಬಂದ. ಬಾಗಿಲು ಹಾಕಿದೆ.

"ಲಕ್ಷ್ಮಯ್ಯನ ಮನೆಗೆ ಹೋಗಿದ್ಯಾ?"

"ಹೋಗಿದ್ದೆ ಮೇಡಂ."

"ಮನೆ ಬಾಗಿಲು ಯಾವ ಕಡೆಗಿದೆ? ಹೆಂಚಾ, ಮಾಳಿಗೇನಾ?"

ಅವನು ಮೇಜಿನ ಮೇಲಿದ್ದ ಪುಸ್ತಕವನ್ನ ತನ್ನ ಕಡೆ ಎಳೆದುಕೊಂಡ.

ಆಮೇಲೆ ನಾನು ಆಡಿದ ಮಾತು ಹೇಳೋಕೆ ಈಗ ನಾಚಿಕೆಯಾಗುತ್ತೆ. ಸುಳ್ಳುಬುರುಕ ಅಂದೆ. ಒಬ್ಬನ ಅನ್ನ ಕಿತ್ಕೊಂಡೆಯಲ್ಲೋ, ನಿನಗೆ ಮನುಷ್ಯತ್ವ ಇದೆಯಾ ಅಂದೆ. ಕಾಲೇಜಿಗೆ ಬರೆದು ಫೇಲ್ ಮಾಡಿಸ್ತೀನಿ ಅಂತ ಮೇಜು ಗುದ್ದಿದೆ. ಪಕ್ಕದ ಕೋಣೆಯ ಟೈಪಿಸ್ಟು ಟೈಪು ನಿಲ್ಲಿಸಿ ಕೇಳಿಸಿಕೊಂಡಳು.

ಅವನು ನನ್ನ ಕೂಗು ಮುಗಿಯೋ ತನಕ ಕಾದ.

"ಊರಿಗೆ ಹೋಗಿದ್ದೆ ಮೇಡಂ. ಬಸ್ ಇಳಿದು ಅಂಗಡಿ ಹತ್ರ ಲಕ್ಷ್ಮಯ್ಯನ ಮನೆ ಎಲ್ಲಿ ಅಂದೆ. ಒಬ್ಬ ವಯಸ್ಸಾದವರು ಕೂತಿದ್ರು. ಯಾವೂರು ಅಂದ್ರು, ಹೇಳ್ದೆ. ಯಾರ ಮಗ ಅಂದ್ರು, ಹೇಳ್ದೆ. ಕೇರಿಯೋರಾ ಅಂದ್ರು. ಹೌದು ಅಂದೆ."

ಮೇಜು ಗುದ್ದಿದ ಕೈಯನ್ನ ಮಡಿಲಿಗೆ ಎಳೆದುಕೊಂಡೆ.

"ಬೈಲಿಲ್ಲ ಮೇಡಂ. ಮರ್ಯಾದೆಯಾಗೇ ಮಾತಾಡಿಸಿದ್ರು. ನೀನಿಲ್ಲೇ ಇರು, ಒಳಗೆ ಹೋಗ್ಬೇಡ, ಹೇಳಿ ಕಳಿಸ್ತೀನಿ ಅಂದ್ರು. ಬಾಯಾರಿಕೆ ಆಗಿತ್ತು, ನೀರು ಕೇಳ್ದೆ. ಅಂಗಡಿಯವರು ಮೇಲಿಂದ ಕೈಗೆ ಹುಯ್ದ್ರು. ನಾನು ಈ ಅಂಗಿ, ಈ ಪ್ಯಾಂಟು, ಕೈಯಲ್ಲಿ ನಿಮ್ಮ ಕಂಪನಿ ಪುಸ್ತಕ. ಬೊಗಸೆ ಒಡ್ಡಿ ಕುಡಿದೆ. ಹನ್ನೊಂದರಿಂದ ಒಂದೂವರೆ ತನಕ ಬೀದಿ ಬಾಯಲ್ಲಿ ನಿಂತಿದ್ದೆ. ಯಾರೂ ಬರ್ಲಿಲ್ಲ. ಮರೆತ್ರೋ ಏನೋ. ಬಸ್ ಬಂತು, ಹತ್ತಿದೆ."

"ಇದನ್ನ ಯಾಕೋ ಬರೀಲಿಲ್ಲ?" ನನ್ನ ದನಿ ನನಗೇ ಬೇರೆ ಕೇಳಿಸಿತು.

"ಬರ್ದೆ. ಹರಿದು ಹಾಕ್ದೆ. ಅವ್ರು ಬೈದಿದ್ರೆ, ಹೊಡೆದಿದ್ರೆ ಬರೀಬಹುದಾಗಿತ್ತು. ಏನೂ ಮಾಡ್ಲಿಲ್ವಲ್ಲ. ಏನಂತ ಬರೀಲಿ? ಬರೆದ್ರೆ ನೀವು ಭಾಗ್ಯ ಮುಂದೆ ಓದ್ತೀರ."

"ನಾನು..."

"ಓದಿದ್ರಲ್ಲ ಮೇಡಂ," ಅಂದ. "ಮತ್ತೆ ನೀವು ಗೌರಿಹಬ್ಬಕ್ಕೆ ನಮ್ಮಿಬ್ಬರನ್ನೂ ಮನೆಗೆ ಊಟಕ್ಕೆ ಕರೆದಿದ್ರಿ. ಊಟ ಆದ್ಮೇಲೆ ಭಾಗ್ಯ ಎಲೆ ನಿಮ್ಮ ತಾಯಿ ಎತ್ತಿದ್ರು. ನನ್ನ ಎಲೆ ಹತ್ರ ಬಂದು ಸುಮ್ನೆ ನಿಂತ್ಕೊಂಡ್ರು. ನಾನೇ ಎತ್ತಿದೆ. ನೀವು ಪಾಯಸದ ಪಾತ್ರೆ ಇಡೋಕೆ ಒಳಗೆ ಹೋದ್ರಿ."

ಹೋಗಿದ್ದೆ. ಪಾತ್ರೆ ಇಡೋ ಅವಸರ ಏನೂ ಇರಲಿಲ್ಲ. ನಮ್ಮಮ್ಮ ಸೊಣ್ಣಮ್ಮ ನಿಂತ ರೀತಿ ನೋಡಿ, ಈಗ ಬಾಯಿ ಬಿಟ್ಟರೆ ಹಬ್ಬದ ದಿನ ಮನೆಯಲ್ಲಿ ರಂಪ ಆಗುತ್ತೆ ಅಂತ ಒಳಗೆ ಹೋಗಿದ್ದೆ. ಅವನು ಗಮನಿಸಿರಲ್ಲ ಅಂತ ಅಂದುಕೊಂಡಿದ್ದೆ. ಅಲ್ಲ, ಅದೂ ಸುಳ್ಳು. ಗಮನಿಸಿದ್ದಾನೆ ಅಂತ ಗೊತ್ತಿತ್ತು, ಅವನು ಎಂದೂ ಆಡಿ ತೋರಿಸಲ್ಲ ಅಂತಲೂ ಗೊತ್ತಿತ್ತು.

ಕೇಳಬೇಕಾದ್ದು ಇನ್ನೊಂದಿತ್ತು. "ಹಗ್ಗದ ಮಂಚ, ಸಾರಾಯಿ, ಬಾಯಿಗೆ ಸೆರಗು, ಇದೆಲ್ಲ ಎಲ್ಲಿಂದ ತಂದೆ?"

ಅವನಿಗೆ ಆಶ್ಚರ್ಯವಾಯಿತು. "ನೀವು ಹೇಳಿದ್ದೇ ಮೇಡಂ. ಎರಡನೇ ವಾರ. ಗೈರುಹಾಜರಿ ನೂರಕ್ಕೆ ತೊಂಬತ್ತು ಕುಡಿತದಿಂದ, ಯಾವ ಮನೆಗೆ ಹೋದ್ರೂ ಅದೇ ಹಗ್ಗದ ಮಂಚ, ಅದೇ ಸೆರಗು ಅಂತ ಹೇಳಿದ್ರಿ. ನಾನು ನೋಟ್ಸ್ ಬರ್ಕೊಂಡಿದ್ದೆ. ಚಿಕ್ಕಪ್ಪ ಅಂತ ನನಗ್ಯಾರೂ ಇಲ್ಲ."

ನನ್ನ ಮಾತನ್ನೇ ನನಗೆ ಬಡಿಸಿದ್ದ, ನಾನು ಬಾಯಿ ಚಪ್ಪರಿಸಿ ತಿಂದಿದ್ದೆ. ಇಷ್ಟು ವರ್ಷ ಒಳಗೆ ಏನು ನಡೀತು, ಒಳಗೆ ಏನು ನಡೀತು ಅಂತ ಹುಡುಗರ ಪ್ರಾಣ ತಿಂದಿದ್ದೆನಲ್ಲ, ಅವರ ಒಳಗಿಗೆ ನಾನೆಲ್ಲಿ ಹೋಗಿದ್ದೆ? ಹೋಗಿದ್ದರೂ ಬೀದಿ ಬಾಯಿ ತನಕ. ಅವನ ಮುಂದೆ ಕಣ್ಣಲ್ಲಿ ನೀರು ಬಂದರೆ ಅದನ್ನೂ ಅವನೇ ಸಮಾಧಾನ ಮಾಡಬೇಕಾಗುತ್ತೆ ಅಂತ ತಡೆದುಕೊಂಡೆ.

ಮುಂದಿನ ದಾರಿ ಮಾತ್ರ ನೆಟ್ಟಗೆ ಕಾಣ್ತಿತ್ತು. ಗುರುವಾರ ಚಿಕ್ಕಮುನಿಯಪ್ಪ ಬಂದು, ನಾನು ಲಕ್ಷ್ಮಯ್ಯನನ್ನ ನೋಡೇ ಇಲ್ಲ ಅಂತ ಹೇಳಿದರೆ ಲಕ್ಷ್ಮಯ್ಯ ಉಳೀತಾನೆ. ಹೇಳಿದ ಮಾತು ಕಾಲೇಜಿಗೆ ಹೋಗುತ್ತೆ. ಸುಳ್ಳು ವರದಿಗೆ ಸೊನ್ನೆ, ವರ್ಷ ಹೋಯ್ತು, ಸ್ಕಾಲರ್‌ಶಿಪ್ಪು ಒಂದೇ ತರಗತಿಗೆ ಎರಡು ಸಲ ಬರಲ್ಲ. ಬರದೇ ಇದ್ದರೆ ಅವನು ಪಾಸು, ಲಕ್ಷ್ಮಯ್ಯ ಮನೆಗೆ.

ಹಾವೂ ಸಾಯಬಾರದು, ಕೋಲೂ ಮುರೀಬಾರದು ಅಂತ ನಾನೊಂದು ಉಪಾಯ ತೆಗೆದೆ. "ನೀನು ಬರಬೇಡ. ಅದು ನಿಜವಾದ ಭೇಟಿ ಅಲ್ಲ, ಬರವಣಿಗೆ ಅಭ್ಯಾಸಕ್ಕೆ ಅಂತ ನಾನೇ ಬರೆಸಿದ್ದು, ಫೈಲಿಗೆ ತಪ್ಪಿ ಹೋಯ್ತು ಅಂತ ನಾನು ಹೇಳ್ತೀನಿ."

"ಅದೂ ಸುಳ್ಳೇ ಅಲ್ವಾ ಮೇಡಂ?" ಅಂದ. ಕುಹಕವಿರಲಿಲ್ಲ, ನಿಜವಾಗಿ ಕೇಳಿದ.

"ಹಾಗಾದ್ರೆ ನೀನೇ ಯೋಚನೆ ಮಾಡು," ಅಂದುಬಿಟ್ಟೆ. ನಮ್ಮ ಓದಿನಲ್ಲಿ ಒಂದು ತತ್ವ ಇದೆ, ಯಾರ ಬದುಕಿನ ನಿರ್ಧಾರ ಅವರೇ ಮಾಡಬೇಕು ಅಂತ. ಅವತ್ತು ನಾನು ಆ ತತ್ವದ ಹಿಂದೆ ಅವಿತುಕೊಂಡೆ. ಬಾ ಅನ್ನೋ ಧೈರ್ಯವೂ ಇರಲಿಲ್ಲ, ಬರಬೇಡ ಅನ್ನೋ ಮುಖವೂ ಇರಲಿಲ್ಲ.

ಗುರುವಾರ ಕ್ಯಾಂಟೀನ್ ಮೇಲಿನ ಕೋಣೆಯಲ್ಲಿ ಎನ್‌ಕ್ವೈರಿ. ವಿಚಾರಣೆ ನಡೆಸೋಕೆ ಹೊರಗಿನಿಂದ ಒಬ್ಬ ವಯಸ್ಸಾದ ವಕೀಲರು ಬಂದಿದ್ದರು. ಮ್ಯಾನೇಜ್‌ಮೆಂಟ್ ಕಡೆ ವೆಂಕಟರಮಣಪ್ಪ. ಲಕ್ಷ್ಮಯ್ಯನ ಪಕ್ಕ ಯೂನಿಯನ್ನಿನ ನಲ್ಲಪ್ಪ. ಹತ್ತು ಗಂಟೆಗೆ ಶುರು. ಹತ್ತೂಕಾಲಾದರೂ ಚಿಕ್ಕಮುನಿಯಪ್ಪ ಇಲ್ಲ. ನಿಜ ಹೇಳ್ತೀನಿ, ನನಗೆ ಒಂದು ಕ್ಷಣ ಬರದೇ ಇರಲಿ ಅನ್ನಿಸಿತು. ಆಮೇಲೆ ಎದುರಿಗೆ ಲಕ್ಷ್ಮಯ್ಯ ಟೋಪಿ ಕೈಯಲ್ಲಿ ಹಿಡಿದು ಕೂತಿದ್ದದ್ದು ಕಾಣಿಸಿತು.

ವಕೀಲರು ವರದಿ ಓದಿಸಿದರು. ನಾನು ಎದ್ದೆ. "ಸಾರ್, ಅದು ವಿದ್ಯಾರ್ಥಿಯ ಕಲಿಕೆ ಪುಸ್ತಕದ ಪುಟ. ಅದನ್ನ ಹೊರಗೆ ಕೊಟ್ಟಿದ್ದು ನನ್ನ ತಪ್ಪು. ಅದರಲ್ಲಿರೋ ಮನೆ, ಮಂಚ, ಹೆಂಡತಿ ಎಲ್ಲ ನಾನು ಪಾಠದಲ್ಲಿ ಹೇಳಿದ್ದು. ಲಕ್ಷ್ಮಯ್ಯನದಲ್ಲ."

"ಹುಡುಗ ಹೋಗಿದ್ನೋ ಇಲ್ವೋ?" ವಕೀಲರು ಕೇಳಿದರು.

"ಹೋಗಿದ್ದೆ ಸಾರ್," ಅಂತ ಹಿಂದಿನಿಂದ ಕೇಳಿಸಿತು. ಬಾಗಿಲಲ್ಲಿ ಚಿಕ್ಕಮುನಿಯಪ್ಪ. ವೈಟ್‌ಫೀಲ್ಡ್ ಬಸ್ಸು ಕೆಟ್ಟು ಮಾರತ್ತಹಳ್ಳಿಯಿಂದ ನಡೆದು ಬಂದಿದ್ದನಂತೆ, ಅಂಗಿ ಬೆನ್ನಿಗೆ ಅಂಟಿತ್ತು. "ಊರಿಗೆ ಹೋಗಿದ್ದೆ. ಅವರ ಮನೆಗೆ ಹೋಗಲಿಲ್ಲ. ಅವರನ್ನ ನೋಡಲಿಲ್ಲ. ಬರೆದಿದ್ದು ಸುಳ್ಳು."

"ಮನೆಗೆ ಯಾಕೆ ಹೋಗಲಿಲ್ಲ?"

ಜೇಬಿನಿಂದ ಮಡಿಸಿದ ಕಾಗದ ತೆಗೆದ. ರಾತ್ರಿ ಮತ್ತೆ ಬರೆದಿದ್ದನಂತೆ, ಒಂದೂವರೆ ಪುಟ. ನಿಂತುಕೊಂಡೇ ಓದಿದ. ಅಂಗಡಿ, ವಯಸ್ಸಾದವರು, ಯಾರ ಮಗ, ಬೊಗಸೆ, ಒಂದೂವರೆ ಗಂಟೆಯ ಬಸ್ಸು. ನನಗೆ ಹೀಗನ್ನಿಸಿತು, ಹಾಗನ್ನಿಸಿತು ಅನ್ನೋದು ಒಂದು ಸಾಲೂ ಇರಲಿಲ್ಲ. ಕೊನೆಯಲ್ಲಿ, "ನಾನು ಒಳಗೆ ಹೋಗುತ್ತೇನೆ ಎಂದು ಹೇಳಬಹುದಿತ್ತು. ಹೇಳಲಿಲ್ಲ" ಅಂತ ಬರೆದಿದ್ದ. ಕೋಣೆಯಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ವೆಂಕಟರಮಣಪ್ಪನವರು ಕನ್ನಡಕ ಒರೆಸಿಕೊಂಡರು. ವಕೀಲರು ಬರೆದುಕೊಂಡು, ಕುಡಿತದ ಆಪಾದನೆಗೆ ಸಾಕ್ಷಿ ಇಲ್ಲ ಅಂದರು. ಹೇಳದೆ ರಜಾ ಹಾಕಿದ್ದಕ್ಕೆ ಒಂದು ಎಚ್ಚರಿಕೆ ಪತ್ರ. ಲಕ್ಷ್ಮಯ್ಯನ ಕೆಲಸ ಉಳೀತು.

ಮೆಟ್ಟಿಲ ಹತ್ತಿರ ಲಕ್ಷ್ಮಯ್ಯ ಚಿಕ್ಕಮುನಿಯಪ್ಪನನ್ನ ತಡೆದ. ಥ್ಯಾಂಕ್ಸ್ ಹೇಳ್ತಾನೆ, ಮನೆಗೆ ಬಾ ಅಂತಾನೆ ಅಂತ ನಾನು ನಿಂತು ನೋಡಿದೆ.

"ನಿನ್ನಿಂದ ನನ್ನ ಕೆಲ್ಸ ಓಗ್ತಿತ್ತು. ನಿನ್ನಿಂದಾನೇ ಉಳೀತು. ಏನನ್ಬೇಕೋ ಗೊತ್ತಾಗ್ತಿಲ್ಲ ಕಣಪ್ಪ," ಅಂದ ಲಕ್ಷ್ಮಯ್ಯ. ಟೋಪಿ ಸುತ್ತಾ ತಿರುಗಿಸಿದ. "ಅವತ್ತು ನಾನು ಮನೇಲಿದ್ದಿದ್ರೂ ಆಚೆ ಬಂದೇ ಮಾತಾಡಿಸ್ತಿದ್ದೆ. ಒಳಕ್ಕೆ ಬಾ ಅಂತಿರಲಿಲ್ಲ. ಸುಳ್ಳು ಯಾಕೆ ಏಳ್ಲಿ?"

"ಗೊತ್ತು ಅಣ್ಣ," ಅಂದ ಚಿಕ್ಕಮುನಿಯಪ್ಪ.

ಇಬ್ಬರೂ ಕೆಳಗಿಳಿದು ಹೋದರು, ಒಬ್ಬ ವೈಂಡಿಂಗ್ ಕಡೆಗೆ, ಒಬ್ಬ ಗೇಟಿನ ಕಡೆಗೆ. ನಾನು ಹೋಗಿ ನನ್ನ ಕುರ್ಚಿಯಲ್ಲಿ ಕೂತೆ. ಮಧ್ಯಾಹ್ನ ಊಟ ಮಾಡಲಿಲ್ಲ. ಸಾಯಂಕಾಲ ಮನೆಗೆ ಹೋಗಿ ಆ ಎಲೆಯ ವಿಷಯಕ್ಕೆ ಅಮ್ಮನ ಹತ್ತಿರ ಜಗಳ ತೆಗೆದೆ. "ನೀನೇ ಎತ್ತಬಹುದಾಗಿತ್ತಲ್ಲ, ನಿನಗೇನು ಕೈ ಇರಲಿಲ್ವಾ?" ಅಂದಳು ನಮ್ಮಮ್ಮ. ಅವಳು ಹಳೇ ಕಾಲದವಳು, ಆದರೆ ಮಾತಿನಲ್ಲಿ ತಪ್ಪೇನಿತ್ತು?

ಕಾಲೇಜಿನ ಸಭೆಗೆ ನಾನೂ ಹೋದೆ. ನನ್ನ ಪಾಲಿನದನ್ನೆಲ್ಲ ಬರೆದುಕೊಂಡು ಹೋಗಿ ಓದಿದೆ. ಟೀ ಕೊಟ್ಟು, ಕೊನೆ ತನಕ ಕೇಳಿಸಿಕೊಂಡರು. ಹುಡುಗ ಧೈರ್ಯವಂತ ಅಂತ ಎಲ್ಲರೂ ಹೇಳಿದರು. ಆಮೇಲೆ ಸೊನ್ನೆ ಕೊಟ್ಟರು. ಸಹಿ ಹಾಕಿದ ಸುಳ್ಳು ವರದಿಗೆ ಬೇರೆ ದಾರಿಯಿಲ್ಲ, ಬರೋ ಜೂನಿನಿಂದ ಫೀಲ್ಡ್‌ವರ್ಕ್ ಪೂರ್ತಿ ಮತ್ತೆ ಮಾಡಲಿ ಅಂದರು. ಮಾಡಿದವನಿಗೆ ಸೊನ್ನೆ, ಮಾಡಿಸಿದವಳಿಗೆ ಟೀ. ಬಸ್ಸಿನಲ್ಲಿ ಬರ್ತಾ ನನಗೆ ನನ್ನ ಮೇಲೇ ಸಿಟ್ಟು.

ಸ್ಕಾಲರ್‌ಶಿಪ್ ನಿಂತಿತು. ಚಿಕ್ಕಮುನಿಯಪ್ಪ ಹಾಸ್ಟೆಲ್ ವಾರ್ಡನ್ನರ ಕೈಕಾಲು ಹಿಡಿದು ಅಲ್ಲಿ ಒಂದು ಮೂಲೆ ಉಳಿಸಿಕೊಂಡ. ಬೆಳಗ್ಗೆ ಎರಡು ಮನೆಯಲ್ಲಿ ಪಾಠ ಹೇಳಿಕೊಡೋಕೆ ಶುರು ಮಾಡಿದನಂತೆ.

ಮೇ ತಿಂಗಳ ಕೊನೆಗೆ ಯಾವುದೋ ಫಾರಂಗೆ ಸಹಿ ಬೇಕು ಅಂತ ನನ್ನ ಕೋಣೆಗೆ ಬಂದ. ನಾನು ಮೊದಲೇ ನಿರ್ಧಾರ ಮಾಡಿಕೊಂಡಿದ್ದೆ, ಕಾಲೇಜಿನವರ ಹತ್ತಿರವೂ ಮಾತಾಡಿದ್ದೆ. ಅವನಿಗೆ ಸಂತೋಷವಾಗುತ್ತೆ ಅಂತ ಕಾಯ್ತಿದ್ದೆ.

"ಕೂತ್ಕೋ. ಜೂನಿನಿಂದ ನನ್ನ ಹತ್ರಾನೇ ಬಾ. ಎಲ್ಲ ಮಾತಾಡಿದ್ದೀನಿ. ಈ ಸಲ ಬೇರೆ ಥರ ಮಾಡೋಣ. ನಿನಗೆ ಏನನ್ನಿಸುತ್ತೋ ಹಾಗೇ ಬರಿ. ಯಾರಿಗೂ ತೋರಿಸಲ್ಲ. ನಾನೂ ಬೈಯಲ್ಲ."

ಅವನು ಕೂರಲಿಲ್ಲ. "ಬೇಡ ಮೇಡಂ," ಅಂದ.

"ಯಾಕೋ? ಬೇರೆ ಕಡೆ ಸಿಕ್ತಾ?"

"ಇಲ್ಲ. ಇನ್ನೂ ಎಲ್ಲೂ ಗೊತ್ತಾಗಿಲ್ಲ."

"ಮತ್ತೆ?"

ತುಂಬ ಹೊತ್ತು ಯೋಚನೆ ಮಾಡಿದ. ಹಿಂದೆ ಆಗಿದ್ದರೆ ನಾನು ಬೇಗ ಹೇಳಪ್ಪ ಅಂತಿದ್ದೆ.

"ನೀವು ಓದ್ತೀರಿ ಅಂದ್ರೆ ನಿಮಗೆ ಇಷ್ಟ ಆಗೋ ಹಾಗೇ ಬರೀಬೇಕು ಅನ್ನಿಸುತ್ತೆ ಮೇಡಂ. ಬೈಯಲ್ಲ ಅಂದ್ರೆ ಇನ್ನೂ ಜಾಸ್ತಿ ಅನ್ನಿಸುತ್ತೆ. ನೀವು ಒಳ್ಳೆಯವರು, ಅದಕ್ಕೇ ಕಷ್ಟ."

ಸಿಟ್ಟು ಬಂತು. ಇಷ್ಟು ಮಾಡಿದ್ದೀನಿ, ಇವನಿಗೆ ಬೇಡವಂತೆ. ಅಳುವೂ ಬಂತು. ಫಾರಂಗೆ ಸಹಿ ಹಾಕಿ ಕೊಟ್ಟೆ. "ಬರ್ತೀನಿ ಮೇಡಂ," ಅಂತ ಹೇಳಿ ಹೋದ. ಗೇಟಿನ ಹತ್ತಿರ ವಾಚ್‌ಮನ್ ಜೊತೆ ನಗ್ತಾ ಏನೋ ಮಾತಾಡಿದ್ದು ಕಿಟಕಿಯಿಂದ ಕಾಣಿಸಿತು. ಅವನು ನಕ್ಕಿದ್ದು ನಾನು ಅಲ್ಲಿ ತನಕ ನೋಡಿರಲಿಲ್ಲ.

ಕಾಲೇಜಿಗೆ ಫೋನ್ ಮಾಡಿ, ಚಿಕ್ಕಮುನಿಯಪ್ಪನಿಗೆ ಬೇರೆ ಸೂಪರ್‌ವೈಸರ್ ಹುಡುಕಿ ಅಂದೆ.

"ಹೋದ ವಾರ ನೀವೇ ತಗೋತೀನಿ ಅಂದಿದ್ರಲ್ಲ ಮೇಡಂ? ಕಾರಣ ಏನಂತ ಬರ್ಕೊಳ್ಳಲಿ? ಇಲ್ಲಿ ಕಾರಣ ಅಂತ ಒಂದು ಕಾಲಂ ಇದೆ," ಅಂತ ಆ ಕಡೆಯ ಗುಮಾಸ್ತ ಕೇಳಿದ.

"ಕಾರಣ ನಾನು," ಅಂದೆ. "ಹಾಗೇ ಬರ್ಕೊಳ್ಳಿ."